ಮೂರು ಹರವಿ, ಒಂದು ರುಚಿ

ಆಯಿ ಊಟಕ್ಕೆ ಕುಳಿತು ಉಪ್ಪಿನ ಮಾತು ಎತ್ತದೆ ಮೂರು ದಿನವಾಗಿತ್ತು. ಅದನ್ನು ಮೊದಲು ಗಮನಿಸಿದವಳು ಅವ್ವ. ಇಪ್ಪತ್ತೆರಡು ವರ್ಷ ಆ ಮಾತು ಕೇಳಿಕೊಂಡೇ ರೊಟ್ಟಿ ಬಡಿದವಳು ಅವಳು. ಬೇಳೆಗೆ ಉಪ್ಪು ಕಡಿಮೆ, ಪುಂಡಿಪಲ್ಯಕ್ಕೆ ಹುಳಿ ಜಾಸ್ತಿ, ಹಿಂಡಿಯಲ್ಲಿ ಬೆಳ್ಳುಳ್ಳಿ ಹಸಿ ಹಸಿ, ಹೀಗೆ ಒಂದಿಲ್ಲೊಂದು ಹೇಳದೆ ನನ್ನ ಅಪ್ಪನ ತಾಯಿ ಹಣಮಂತಮ್ಮ ಗಂಗಾಳ ಬಿಟ್ಟು ಎದ್ದದ್ದಿಲ್ಲ. ಈಗ ಹಾಕಿದ್ದನ್ನು ಉಂಡು, ಕೈ ತೊಳೆದು, ಸುಮ್ಮನೆ ಗೋಡೆಗೆ ಒರಗುತ್ತಿದ್ದಳು.

"ಬ್ಯಾಳಿ ಹೆಂಗಾಗ್ಯಾದ, ಅತ್ತಿ?" ಅವ್ವ ತಾನಾಗಿಯೇ ಕೇಳಿದಳು.

"ಚಲೋ ಆಗ್ಯಾದವಾ."

ಅವ್ವ ಒಲೆಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಬೇಕಂತ ಉಪ್ಪೇ ಹಾಕಿದ್ದಿಲ್ಲ ನಾ."

ನಮ್ಮದು ಬೋನಾಳದ ಕೆರೆಯ ಹತ್ತಿರದ ಈಳಿಗೇರ ಮನೆ. ಆಗ ನಿಜಾಮರ ಸರ್ಕಾರ. ಈಚಲ ಗಿಡಗಳ ಗುತ್ತಿಗೆ ಸುರಪುರದ ಗುತ್ತೇದಾರನ ಹೆಸರಿನಲ್ಲಿತ್ತು. ಗಿಡ ಏರಿ ಸಿಂದಿ ಇಳಿಸುವುದು, ಅದನ್ನು ಕೂಡಿಸುವುದು, ಮನೆಯ ಮುಂದಿನ ಕಟ್ಟೆಯ ಮೇಲೆ ಮಾರುವುದು ನಮ್ಮ ಕೆಲಸ. ಅಪ್ಪ ಮಾನಪ್ಪ ಗಿಡ ಏರುತ್ತಿದ್ದ. ಅಣ್ಣ ದ್ಯಾವಪ್ಪ ಕಟ್ಟೆಯ ಮೇಲೆ ಕುಳಿತು ಮಾರುತ್ತಿದ್ದ. ಒಳಗಿನಿಂದ ಕುಡಿಯುವ ಮಣ್ಣಿನ ಮಗಿ ತುಂಬಿ ತಂದು ಬಾಗಿಲಲ್ಲಿ ಅವನ ಕೈಗೆ ಕೊಡುವುದು ನನ್ನ ಪಾಲಿಗೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನನಗೆ ಅದೇ ಕೆಲಸ.

ಕೂಡಿಸುವುದು ಮಾತ್ರ ಆಯಿಯದು. ಈಚಲು ಗಿಡಕ್ಕೊಂದು ರುಚಿ. ಹಳ್ಳದ ಒದ್ದೆ ಮಣ್ಣಿನ ಗಿಡ ನೀರು ನೀರಾದ ಸಿಹಿ ಕೊಡುತ್ತದೆ. ಕಲ್ಲುದಿಬ್ಬದ ಗಿಡದ್ದು ಮುಂಜಾನೆಗೇ ಹುಳಿ ಬಂದಿರುತ್ತದೆ. ಹಳೆಯ ಗಿಡದ್ದು ಒಗರು. ಇವನ್ನೆಲ್ಲ ಕೂಡಿಸಿ, ನಿನ್ನೆಯ ರುಚಿಯನ್ನೇ ಇವತ್ತೂ ತರಬೇಕು. ಬಿಸಿಲು ಹೊಸ್ತಿಲು ಮುಟ್ಟುವ ಹೊತ್ತಿಗೆ ಅಪ್ಪ ತಂದ ಗಡಿಗೆಗಳು ಸಾಲಾಗಿ ಕೂಡುತ್ತಿದ್ದವು. ಆಯಿ ಒಂದೊಂದರಿಂದಲೂ ಅಂಗೈಗೆ ಇಷ್ಟು ಸುರಿದುಕೊಂಡು ನಾಲಿಗೆಗೆ ಹಚ್ಚಿ, ಉಗುಳಿ, ನಾಲ್ಕು ಕಾಳು ಪುಟಾಣಿ ಕಡಲೆ ಅಗಿದು, ಬಾಯಿ ಮುಕ್ಕಳಿಸಿ ಮುಂದಿನದಕ್ಕೆ ಹೋಗುವಳು. ಅವಳು ಬೆರಳು ತೋರಿಸಿದ ಹರವಿಗೆ ಅಪ್ಪ ಸುರಿಯುವನು.

ದೊಡ್ಡ ಮಣ್ಣಿನ ಆ ಹರವಿಗಳು ಮೂರು. ಒಳಕೋಣೆಯ ಕತ್ತಲಲ್ಲಿ, ಅರ್ಧ ಉಸುಕಿನೊಳಗೆ ಹೂತು, ಕುತ್ತಿಗೆಯಷ್ಟೇ ಕಾಣುವಂತೆ ಕುಳಿತಿದ್ದವು. ಬಾಗಿಲ ಹರವಿ, ನಡುವಿನ ಹರವಿ, ಗೋಡೆ ಹರವಿ. ಸುರಿದಾದ ಮೇಲೆ ಆಯಿ ಸೋರೆ ಬುರುಡೆ ಹಿಡಿದು ಬಾಗಿಲ ಹರವಿಯಿಂದ ನಡುವಿನದಕ್ಕೆ, ನಡುವಿನದರಿಂದ ಗೋಡೆಯದಕ್ಕೆ, ಗೋಡೆಯದರಿಂದ ಮತ್ತೆ ಬಾಗಿಲಿನದಕ್ಕೆ ತೋಡಿ ಹಾಕುವಳು. ಯಾವ ಹರವಿಯ ಸಿಂದಿ ಯಾವುದೆಂದು ಅವಳ ನಾಲಿಗೆಗೂ ತಿಳಿಯದಂತಾಗುವವರೆಗೆ ಆ ಸುತ್ತು ನಡೆಯುತ್ತಿತ್ತು. ಆ ಬುರುಡೆಯನ್ನು ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ಅವ್ವನಿಗಂತೂ ಇಲ್ಲವೇ ಇಲ್ಲ.

ಇನ್ನೊಂದು ಕಟ್ಟು ಇತ್ತು. ಸೋಮವಾರಕ್ಕೊಂದು ಹರವಿ ತೊಳೆಯಬೇಕು, ಮೂರನ್ನೂ ಒಮ್ಮೆಗೆ ಬರಿದು ಮಾಡಬಾರದು. ಉಳಿದ ಎರಡರಲ್ಲಿರುವ ಹಳೆಯ ಸಿಂದಿಯೇ ಹೊಸದನ್ನು ಹುಳಿ ಬರಿಸಿ ಎಬ್ಬಿಸಬೇಕು. ತೊಳೆಯುವ ಕೆಲಸ ಇಷ್ಟು ವರ್ಷ ಅವ್ವನದಾಗಿತ್ತು. ಎಳ್ಳಮಾಸಿಗೆ ಮುಂಚೆ ಅಣ್ಣನ ಮದುವೆಯಾಗಿ ಸೈದಾಪುರದ ಕಡೆಯ ಮರಿಲಿಂಗಮ್ಮ ಮನೆಗೆ ಬಂದಳು. ಹಬ್ಬ ಮುಗಿದ ಮೊದಲ ಸೋಮವಾರವೇ ಅವ್ವ, "ಇನ್ನ ನಂಗ ಬಗ್ಗಾಕ ಆಗಂಗಿಲ್ಲ, ನೀ ನೋಡ್ಕೋ" ಎಂದು ಆ ಕೆಲಸವನ್ನು ಸೊಸೆಗೆ ಬಿಟ್ಟಳು.

ಅದರ ಮರುದಿನ ಸಂಜೆಯೇ ತಂಟೆ ಶುರುವಾಯಿತು. ಕೆರೆಯಲ್ಲಿ ಮೀನು ಹಿಡಿಯುವ ಗುರಪ್ಪ ದಿನಾ ಕಟ್ಟೆಯ ಒಂದೇ ಮೂಲೆಯಲ್ಲಿ ಕೂಡುವವನು. ಅವನು ಒಂದು ಗುಟುಕು ಕುಡಿದು ಮಗಿಯೊಳಗೆ ಇಣುಕಿ ನೋಡಿದ.

"ದ್ಯಾವಪ್ಪಾ, ನಿಮ್ಮ ಮನ್ಯಾಗ ಯಾರರ ಬಸುರಿ ಅದಾರೇನು?"

"ಯಾಕಲೇ?"

"ಪಾನಕ ಕೊಟ್ಟೀಯಲ್ಲ. ಬಾಜೂದವನ ಮಗ್ಯಾಗ ಸಿಂದಿ ಅದ, ನನ್ನ ಮಗ್ಯಾಗ ಬೆಲ್ಲದ ನೀರು ಅದ. ನಾ ಏನ್ ಪಾಪ ಮಾಡೀನಿ?"

ಎಲ್ಲರೂ ನಕ್ಕರು. ಅಣ್ಣ ಒಳಗೆ ಬಂದು ಮೂರೂ ಹರವಿಯಿಂದ ತೋಡಿ ರುಚಿ ನೋಡಿದ. ಬಾಗಿಲ ಹರವಿಯದು ಸಪ್ಪೆ ಸಿಹಿ, ಏಳದ ಸಿಂದಿ. ಮುಂಜಾನೆ ಆಯಿ ಮೂರನ್ನೂ ಒಂದೇ ಮಾಡಿಟ್ಟಿದ್ದು ನಾವೆಲ್ಲ ನೋಡಿದ್ದೆವು. ಮರುದಿನವೂ ಹಾಗೇ ಆಯಿತು. ಮುಂಜಾನೆ ಒಂದು, ಸಂಜೆಗೆ ಬೇರೆ.

"ಆಯಿ, ವಯಸ್ಸಾತು ನಿಂಗ" ಎಂದ ಅಣ್ಣ. "ನಾಲಿಗಿ ಗೊತ್ತು ಹಿಡಿಯವಲ್ದು."

ಉಪ್ಪಿನ ಮಾತು ನಿಂತದ್ದು ಆವತ್ತಿನಿಂದ.

ಶನಿವಾರ ಗುತ್ತೇದಾರನ ಮುನ್ಶಿ ಮೈನುದ್ದೀನ ಬಂದರು. ಬಿಳಿ ಗಡ್ಡದ, ಕೊಡೆ ಹಿಡಿದ ಮನುಷ್ಯ. ಸಿಂದಿಯ ಕೆಲಸದಲ್ಲೇ ಮೂವತ್ತು ವರ್ಷ ಕಳೆದಿದ್ದರೂ ಒಂದು ಹನಿ ಬಾಯಿಗೆ ಹಚ್ಚಿದವರಲ್ಲ.

"ನಾ ಕುಡಿಯಂಗಿಲ್ಲ, ಅಮ್ಮಾ. ಕುಡಿಯೋರ ಮಾರಿ ನೋಡತೀನಿ" ಎಂದು ಅವರು ಕಟ್ಟೆಯ ಎದುರು ಬೇವಿನ ನೆರಳಲ್ಲಿ ಕುಳಿತರು. ಸ್ವಲ್ಪ ಹೊತ್ತಿನಲ್ಲೇ ಎದ್ದು ಬಂದರು. "ಆಧಾ ಮಂದಿ ಖುಷ್ ಅದಾರ, ಆಧಾ ಮಂದಿ ಜಗಳಕ್ಕ ನಿಂತಾರ. ಒಂದೇ ದುಕಾನದಾಗ ಎರಡು ರುಚಿ ಹೆಂಗ?"

"ಸರಿ ಆಗತದ್ರಿ" ಎಂದ ಅಪ್ಪ.

"ಆಗಬೇಕು. ಹದಿನೈದು ದಿನಕ್ಕ ಮತ್ತ ಬರತೀನಿ. ಆವಾಗೂ ಹಿಂಗೇ ಇತ್ತಂದರ ಸಾಹುಕಾರರ ಹುಕುಂ ಅದ. ಗಡಿಗಿ ಎಲ್ಲಾ ಸೀದಾ ಸುರಪುರಕ್ಕ ಬರಬೇಕು. ಅಲ್ಲೇ ನಮ್ಮ ಮಂದಿ ಕೂಡಿಸತಾರ, ಅಲ್ಲೇ ಮಾರತಾರ. ನೀವು ಬರೇ ಗಿಡ ಏರ್ರಿ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನಮಗೆ ಹೆಚ್ಚು ಭಯವಾಯಿತು. ಅವರು ಹೋದ ಮೇಲೆ ಆಯಿ ಒಳಕೋಣೆಗೆ ಹೋಗಿ ಬುರುಡೆ ತೊಳೆದು ಗೂಟಕ್ಕೆ ತೂಗುಹಾಕಿದಳು. ಅದು ಆಗಲೇ ತೊಳೆದದ್ದಿತ್ತು.

ಮರುದಿನ ಮಧ್ಯಾಹ್ನ ಎಲ್ಲರೂ ಹೊರಗಿದ್ದಾಗ ಆಯಿ ನನ್ನನ್ನು ಕರೆದಳು.

"ಸಾಯಬಮ್ಮಾ, ಇಲ್ಲಿ ಬಾ. ಯಾರಿಗೂ ಹೇಳಬ್ಯಾಡ. ನಾ ಕಣ್ಣು ಮುಚ್ಚತೀನಿ. ಒಂದು ಕೈಯಾಗ ಉಪ್ಪು, ಒಂದು ಕೈಯಾಗ ಬೆಲ್ಲ ಹಿಡಿ. ಯಾವುದು ಏನಂತ ಹೇಳಬ್ಯಾಡ."

ನಾನು ಚಿಟಿಕೆ ಉಪ್ಪು ಅವಳ ನಾಲಿಗೆಗೆ ಇಟ್ಟೆ.

"ಉಪ್ಪು" ಎಂದಳು. ಆಮೇಲೆ, "ಹೌದಲ್ಲೇ?"

"ಹೌದು, ಆಯಿ."

ಬೆಲ್ಲ, ಹುಣಸೆ, ಬೇವಿನ ಚಿಗುರು, ಎಲ್ಲವನ್ನೂ ಸರಿಯಾಗಿಯೇ ಹೇಳಿದಳು. ಆದರೆ ಪ್ರತಿ ಸಲ "ಹೌದಲ್ಲೇ?" ಎಂದು ಕೇಳಿದಳು. ಊರ ಮಂದಿಗೆಲ್ಲ ರುಚಿ ಹೇಳಿದವಳು ಬೆಲ್ಲಕ್ಕೆ ನನ್ನನ್ನು ಕೇಳುವುದು ನನಗೆ ನೋಡಲಾಗಲಿಲ್ಲ.

ಎರಡನೆಯ ಸೋಮವಾರ ಅತ್ತಿಗೆ ನಡುವಿನ ಹರವಿ ತೊಳೆದಳು. ಅವಳು ಕೆಲಸಗಳ್ಳಿಯಲ್ಲ. ಕಸ, ಮುಸುರೆ, ನೀರು ಎಲ್ಲ ಮುಗಿಸಿ, ಹರವಿಯೊಳಗೆ ಭುಜದವರೆಗೆ ಕೈ ಇಳಿಸಿ ಉಜ್ಜುವಳು. ಅವಳ ತವರೂ ಈಳಿಗೇರ ಮನೆಯೇ. ಆದರೆ ಅಲ್ಲಿ ಸಿಂದಿ ಮಾರುವುದಿಲ್ಲ, ಈಚಲ ರಸ ಕಾಯಿಸಿ ಬೆಲ್ಲ ಮಾಡುತ್ತಾರೆ. "ನಮ್ಮ ಮನ್ಯಾಗ ಮುಂಜಾನೆದ್ದರ ಒಲಿ, ಮಲಗೋತನ ಒಲಿ" ಎಂದು ಒಮ್ಮೆ ನನಗೆ ಹೇಳಿದ್ದಳು. ಅದಕ್ಕಿಂತ ಹೆಚ್ಚು ಯಾರೂ ಅವಳನ್ನು ಕೇಳಿರಲಿಲ್ಲ.

ಮಂಗಳವಾರ ಮುಂಜಾನೆ ಆಯಿ ಗೂಟದಿಂದ ಬುರುಡೆ ತೆಗೆದು ಅವ್ವನ ಮುಂದೆ ಹಿಡಿದಳು.

"ನೀನೇ ಕೂಡಿಸವಾ, ಸುಗಲಮ್ಮ."

ಇಷ್ಟು ವರ್ಷ ಕಾದಿದ್ದ ಬುರುಡೆಯನ್ನು ಅವ್ವ ಸೀರೆಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಎಷ್ಟೋ ಹೊತ್ತು ಕೂಡಿಸಿದಳು. ಮೂರರಿಂದಲೂ ನಮಗೆಲ್ಲ ಕೊಟ್ಟಳು. ಒಂದೇ ಇತ್ತು.

"ನೋಡ್ರಿ ಮತ್ತ" ಎಂದಳು, ಯಾರನ್ನೂ ನೋಡದೆ.

ಸಂಜೆ ಗುರಪ್ಪ ಮಗಿಯನ್ನು ಅಣ್ಣನ ಮುಂದೆ ಇಟ್ಟ. "ಇದನ್ನ ನಿಮ್ಮಪ್ಪಗ ಕುಡಸು. ಬಾಣಂತಿಗಿ ಚಲೋ."

ಈ ಸಲ ಕೆಟ್ಟದ್ದು ನಡುವಿನ ಹರವಿ. ಅವ್ವ ಒಳಗೆ ಬಂದು ಆಯಿಯ ಪಕ್ಕದಲ್ಲಿ ಕುಳಿತಳು. "ಮುಂಜಾನಿ ಒಂದೇ ಇತ್ತು, ಅತ್ತಿ."

"ನಂಗೂ ಹಂಗೇ ಇರತಿತ್ತವಾ" ಎಂದಳು ಆಯಿ.

ಆ ವಾರದ ಊಟಗಳು ಜಗಳದಲ್ಲೇ ಮುಗಿದವು. ಯಾದಗಿರಿಯಿಂದ ಸ್ಯಾಕರಿನ್ ತಂದು ಮೂರಕ್ಕೂ ಹಾಕಿದರೆ ಎಲ್ಲ ಒಂದೇ ಸಿಹಿ ಆಗುತ್ತದೆ ಎಂದ ಅಣ್ಣ.

"ನನ್ನ ಕಣ್ಣು ತೆರದಿರೋತನ ಹರವ್ಯಾಗ ಅದು ಬೀಳಂಗಿಲ್ಲ" ಎಂದಳು ಆಯಿ.

"ಮತ್ತ ಬರೇ ಗಿಡ ಏರೋಣೇನು?"

"ನೀ ಯಾವಾಗ ಏರಿದ್ದೀಯೋ?" ಎಂದ ಅಪ್ಪ. "ಕಟ್ಟಿ ಮ್ಯಾಲ ಕುಂತವಗ ಗಿಡದ ಸುದ್ದಿ ಯಾಕ?"

"ನಿಮ್ಮ ಗಿಡಾನೇ ಕೆಟ್ಟಿರಬೇಕು."

"ಗಿಡ ಕೆಟ್ಟರ ಮುಂಜಾನೇನೇ ಕೆಟ್ಟಿರಬೇಕಲ್ಲೋ, ಶ್ಯಾಣ್ಯಾ."

ರೊಟ್ಟಿ ನೀಡುತ್ತಿದ್ದ ಅತ್ತಿಗೆಯ ಕಡೆ ನೋಡದೆ ಅವ್ವ ಮೆಲ್ಲಗೆ ಅಂದಳು: "ಎಳ್ಳಮಾಸಿತನ ಎಲ್ಲಾ ಚಂದಿತ್ತು. ಹೊಸ ಕಾಲು ಮನಿಗಿ ಬಂದಮ್ಯಾಲೇ ಹಿಂಗಾಗ್ಯಾದ."

ಅತ್ತಿಗೆಯ ಕೈಯ ರೊಟ್ಟಿ ಅಣ್ಣನ ಗಂಗಾಳದ ಅಂಚಿಗೆ ಬಿತ್ತು. ಅಣ್ಣ ಅದನ್ನು ಮುರಿದು ಬಾಯಿಗೆ ಹಾಕಿಕೊಂಡ. ಮರುದಿನದಿಂದ ಅತ್ತಿಗೆ ಇನ್ನಷ್ಟು ಬೇಗ ಎದ್ದು ಇನ್ನಷ್ಟು ಕೆಲಸ ಮಾಡಿದಳು. ಅಂಗಳವನ್ನು ಎರಡು ಸಲ ಸಾರಿಸಿದಳು.

ಒಳಕೋಣೆಯ ಗೋಡೆಗೆ ನಾನು ಇದ್ದಿಲಿನಿಂದ ಗೀಟು ಎಳೆಯುತ್ತಿದ್ದೆ. ಯಾವ ಹರವಿಯ ಮಗಿ ತಿರುಗಿ ಬಂತೋ ಆ ಹರವಿಯ ನೇರಕ್ಕೊಂದು ಗೀಟು. ಮೊದಲ ವಾರದ ಗೀಟುಗಳೆಲ್ಲ ಬಾಗಿಲ ಹರವಿಯ ಹತ್ತಿರ ಇದ್ದವು. ಎರಡನೆಯ ವಾರದವು ನಡುವಿನದರ ಹತ್ತಿರ. ಮಂಗಳವಾರ, ಬುಧವಾರ ತುಂಬ ಗೀಟು. ರವಿವಾರದ ಹೊತ್ತಿಗೆ ಒಂದೋ ಎರಡೋ. ಅಷ್ಟರಲ್ಲಿ ಬಾಗಿಲ ಹರವಿ ತಾನಾಗಿಯೇ ಸುಧಾರಿಸಿತ್ತು.

ರವಿವಾರ ಆಯಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ. ಅದರಿಂದ ಹೇಳುವುದು ಸುಲಭವಾಯಿತು.

"ಆಯಿ, ನಾಲಿಗಿ ಕೆಟ್ಟಿದ್ದರ ಮೂರೂ ಹರವಿ ಕೆಡಬೇಕಲ್ಲಾ?"

ನಾನು ಎಣ್ಣೆ ತಿಕ್ಕುತ್ತಲೇ ಮುಂದುವರಿಸಿದೆ.

"ವಾರಕ್ಕೊಂದೇ ಕೆಡತದ. ಸೋಮವಾರ ತೊಳದಿದ್ದೇ ಕೆಡತದ."

ಆಯಿ ನನ್ನ ಎಣ್ಣೆಗೈ ಹಿಡಿದು ಮುಂದಕ್ಕೆ ಎಳೆದು ಕೂರಿಸಿಕೊಂಡಳು. "ಇನ್ನೊಮ್ಮಿ ಹೇಳು" ಎಂದಳು. ಹೇಳಿದೆ. ಗೀಟುಗಳನ್ನೂ ತೋರಿಸಿದೆ. ಆಯಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಇವತ್ತು ಯಾರಿಗೂ ಹೇಳೋದು ಬ್ಯಾಡ" ಎಂದಳು. "ನಾಳಿ ಸೋಮವಾರ ಅದ."

ಮೂರನೆಯ ಸೋಮವಾರ ಗೋಡೆ ಹರವಿಯ ಸರದಿ. ಅತ್ತಿಗೆ ತೊಳೆದು ಮುಗಿಸಿ ಬಾವಿಗೆ ಹೋದಳು. ಆಯಿ ಒಳಕೋಣೆಗೆ ಹೋಗಿ ಮೊಣಕಾಲೂರಿ, ಹರವಿಯೊಳಗೆ ತೋಳಿಳಿಸಿ ಸುತ್ತಲೂ ಸವರಿದಳು. ಹೊರತೆಗೆದ ಕೈಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಐದೂ ಬೆರಳು ಬೆಳ್ಳಗಿದ್ದವು. ಒಂದು ಬೆರಳನ್ನು ನಾಲಿಗೆಗೆ ಹಚ್ಚಿದಳು.

"ಸುಣ್ಣ" ಎಂದಳು. ಈ ಸಲ ನನ್ನನ್ನು ಕೇಳಲಿಲ್ಲ.

ಬಿಳಿ ಕೈಯನ್ನು ಹಾಗೇ ಎತ್ತಿ ಹಿಡಿದು ಅವಳು ಅಂಗಳಕ್ಕೆ ಬಂದಾಗ ಅಪ್ಪ, ಅಣ್ಣ ಊಟಕ್ಕೆ ಕುಳಿತಿದ್ದರು, ಅವ್ವ ಪಕ್ಕದಲ್ಲಿ ಕುಳಿತು ಬಡಿಸುತ್ತಿದ್ದಳು. ಅತ್ತಿಗೆ ಕೊಡ ಇಳಿಸುತ್ತಿದ್ದಳು.

"ಮರಿಲಿಂಗಮ್ಮಾ, ಹರವ್ಯಾಗ ಏನು ಹಚ್ಚಿದಿ?"

"ಸುಣ್ಣಾರಿ" ಎಂದಳು ಅತ್ತಿಗೆ, ಕೇಳುವುದೇನಿದೆ ಎಂಬಂತೆ. "ತವರಿಂದ ತಂದಿದ್ದೆ. ಸುಣ್ಣ ಹಚ್ಚದ ಗಡಿಗ್ಯಾಗ ರಸ ಕೆಟ್ಟು ಹುಳಿ ಆಗತದಲ್ರಿ. ನಮ್ಮಪ್ಪ ಒಂದೂ ಗಡಿಗಿ ಬಿಡಂಗಿಲ್ಲ." ಎಲ್ಲರ ಮುಖ ನೋಡಿ ಅವಳ ದನಿ ಸಣ್ಣದಾಯಿತು. "ತೆಳ್ಳಗೆ ಹಚ್ಚೀನ್ರಿ. ಕಡಿಮಿ ಆತೇನ್ರಿ?"

ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ಹುಳಿಯಾಗಲಿ ಎಂದೇ ನಾವು ಕಾಯುವ ಸಿಂದಿಗೆ, ಹುಳಿಯಾಗದಂತೆ ಮೂರು ಸೋಮವಾರಗಳಿಂದ ಅವಳು ಕಾವಲು ಹಾಕಿದ್ದಳು.

"ಎವ್ವಾ ನಮ್ಮವ್ವಾ" ಎಂದು ಅವ್ವ ಎದ್ದಳು. "ಮನಿ ಮುಳುಗಿಸಿಬಿಟ್ಟಿದ್ದೆಲ್ಲೇ. ಈಳಿಗೇರ ಹೊಟ್ಟ್ಯಾಗ ಹುಟ್ಟಿ ಸಿಂದಿ ಹರವಿಗಿ ಸುಣ್ಣಾ? ಗಂಟು ಕಟ್ಟು. ನಿಮ್ಮಪ್ಪನ ಮನಿಗಿ…"

ಅವ್ವನ ಮಾತು ಮುಗಿಯಲಿಲ್ಲ. ಆಯಿ ನಗುತ್ತಿದ್ದಳು. ಸದ್ದಿಲ್ಲದೆ ಶುರುವಾದ ನಗೆ ಭುಜಕ್ಕೆ ಬಂದು, ಕಣ್ಣಿಗೆ ಬಂದು, ಕೊನೆಗೆ ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಕಣ್ಣೊರೆಸಲು ಹೋಗಿ ಕೆನ್ನೆಗೆಲ್ಲ ಸುಣ್ಣ ಬಳಿದುಕೊಂಡಳು.

"ನನ್ನ ನಾಲಿಗಿ ಬದುಕ್ಯಾದ, ಸುಗಲಮ್ಮ" ಎಂದಳು. "ನಿಂದೂ ಬದುಕ್ಯಾದ."

"ನಗತೀರಲ್ಲ, ಅತ್ತಿ. ಇಕಿ ಮಾಡಿದ್ದು…"

"ಅಕಿಗಿ ನೀ ಏನು ಹೇಳಿಕೊಟ್ಟಿದ್ದಿ?"

"ತೊಳದಿಡು ಅಂದಿದ್ದೆ."

"ಬರೇ ನೀರಾಗ ಅಂದಿದ್ದೇನು?"

ಅವ್ವ ಮತ್ತೆ ಕುಳಿತಳು.

"ನಾನೂ ಹೇಳಿಲ್ಲ. ಬುರುಡಿ ಬಚ್ಚಿಟ್ಟಂಗ ಎಲ್ಲಾ ಬಚ್ಚಿಟ್ಟೆ. ನಿಂಗ ಹೇಳಿಲ್ಲ, ನೀ ಅಕಿಗಿ ಹೇಳಿಲ್ಲ. ಅಕಿ ಅವರಪ್ಪ ಕಲಿಸಿದ್ದು ಮಾಡ್ಯಾಳ." ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ಅಳಬ್ಯಾಡ. ಅಟ್ಟದ ಮ್ಯಾಲ ಹಳೀ ಹುಣಸಿಹಣ್ಣು ಅದ, ಸುಣ್ಣ ಹುಳಿಗೇ ಬಿಡತದ. ತಗೊಂಬಾ."

ಆಗ ಅಣ್ಣ ಎದ್ದ. "ನಾ ತರತೀನಿ, ನೀ ಕೂಡು" ಎಂದು ಹೆಂಡತಿಗೆ ಹೇಳಿ ಅಟ್ಟ ಹತ್ತಿದ. ಎಲ್ಲರೆದುರು ಅವನು ಅವಳೊಡನೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಮೂರು ದಿನ, ದಿನಕ್ಕೊಂದು ಹರವಿಯಂತೆ, ನಾವು ಹೆಂಗಸರು ಸರದಿಯ ಮೇಲೆ ಹರವಿಯೊಳಗೆ ತೋಳಿಳಿಸಿ ಹುಣಸೆಹಣ್ಣಿನಿಂದ ಉಜ್ಜಿದೆವು. ಉಳಿದ ಹುಳಿಸಿಂದಿ ತುಂಬಿ, ಕಲಕಿ, ಚೆಲ್ಲಿದೆವು. ಅವ್ವನ ಗೊಣಗಾಟ ಹರವಿಯೊಳಗಿನಿಂದ ದೊಡ್ಡದಾಗಿ ಕೇಳಿಸುತ್ತಿತ್ತು. "ಬೆಲ್ಲದೋರ ಮಗಳನ್ನ ತಂದರ ಹಿಂಗೇ" ಎನ್ನುವಳು. ಅತ್ತಿಗೆ ಎರಡು ದಿನ ಕೇಳಿ ಮೂರನೆಯ ದಿನ, "ಕೈ ಸೋತಿರಬೇಕು, ಈಚಿಗಿ ಬರ್ರಿ ಅತ್ತಿ, ನಾ ಉಜ್ಜತೀನಿ" ಎಂದಳು. ಅವ್ವ ಈಚೆಗೆ ಬಂದಳು.

ಗುರುವಾರ ಆಯಿ ಬುರುಡೆ ಹಿಡಿದಳು. ಶುಕ್ರವಾರ ಅವ್ವನ ಕೈಗೆ ಕೊಟ್ಟು, ತಾನು ಪಕ್ಕದಲ್ಲಿ ಕುಳಿತಳು. ಎರಡೂ ಸಂಜೆ ಮೂರು ಹರವಿಗಳು ಒಂದೇ ಇದ್ದವು. ಗೋಡೆಗೆ ಒಂದೂ ಗೀಟು ಬೀಳಲಿಲ್ಲ.

ಶನಿವಾರ ಮುನ್ಶಿ ಬೇಗನೆ ಬಂದರು, ಬಿಸಿಲು ಇನ್ನೂ ಏರಿರಲಿಲ್ಲ. ಹರವಿಗಳಲ್ಲಿ ಇನ್ನೂ ರಾತ್ರಿ ಕಳೆದ ನಿನ್ನೆಯ ಸಿಂದಿಯೇ ಇತ್ತು. ಕಟ್ಟೆಯ ಮೇಲೆ ನಾಲ್ಕೈದು ಮಂದಿ ಅಷ್ಟೇ. ಅವರು ಗುರಪ್ಪನನ್ನು ಕರೆದು ಮೂರು ಹರವಿಯಿಂದ ಮೂರು ಮಗಿ ತರಿಸಿದರು. ನಾನು ಒಂದೊಂದಾಗಿ ತಂದುಕೊಟ್ಟೆ. ಅಪ್ಪ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಆಯಿ ಹೊಸ್ತಿಲ ಮೇಲೆ ಕುಳಿತಿದ್ದಳು.

ಗುರಪ್ಪ ಮೊದಲನೆಯದನ್ನು ಕುಡಿದ. ಎರಡನೆಯದನ್ನು ಕುಡಿದ. ಮೂರನೆಯದನ್ನು ಮುಗಿಸಿ, ಮೂರೂ ಮಗಿ ಬೋರಲು ಹಾಕಿ ಕಣ್ಣು ಮುಚ್ಚಿದ.

"ಏನಪಾ?" ಎಂದರು ಮುನ್ಶಿ.

"ಲೆಕ್ಕ ತಪ್ಪತು, ಸಾಬ್ರ. ಮೂರೂ ಒಂದೇ ಅನಸಾಕತ್ತಾವ. ಇನ್ನೊಮ್ಮಿ ಮೊದಲಿಂದ ಶುರು ಮಾಡಲೇನು?"

ಮುನ್ಶಿ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಉಳಿದವರ ಮುಖಗಳನ್ನು ನೋಡಿದರು. ಯಾರೂ ಮಗಿಯೊಳಗೆ ಇಣುಕುತ್ತಿರಲಿಲ್ಲ.

"ಠೀಕ್ ಅದ" ಎಂದು ಕೊಡೆ ತೆಗೆದುಕೊಂಡರು. "ನಿಮ್ಮ ಹರವಿ ನಿಮ್ಮ ಮನ್ಯಾಗೇ ಇರಲಿ. ಸಾಹುಕಾರರಿಗೆ ನಾ ಹೇಳತೀನಿ."

"ಹಂಗೇ ಹೋಗಬ್ಯಾಡ್ರಿ" ಎಂದಳು ಆಯಿ. "ಮೂವತ್ತು ವರ್ಷ ನಮ್ಮ ಕಟ್ಟಿಗಿ ಬಂದು ಒಣ ಬಾಯಾಗ ಹೋಗೀರಿ. ಮರಿಲಿಂಗಮ್ಮಾ, ನಿನ್ನ ಗಡಿಗಿ ತಾ."

ಅತ್ತಿಗೆ ಸೆರಗು ಸರಿಮಾಡಿಕೊಂಡು ಒಂದು ಸಣ್ಣ ಗಡಿಗೆ ತಂದಳು. ಒಳಗೆ ತೆಳ್ಳಗೆ ಸುಣ್ಣ ಹಚ್ಚಿದ ಗಡಿಗೆ. ಹಿಂದಿನ ಸಂಜೆ ಆಯಿ ಹೇಳಿ ಹಳ್ಳದ ಗಿಡಕ್ಕೆ ಕಟ್ಟಿಸಿದ್ದಳು. ಬೆಳಗಾಗುವುದರೊಳಗೆ ಅಪ್ಪ ಇಳಿಸಿ ತಂದಿದ್ದ.

"ನಶಾ?" ಎಂದು ಮುನ್ಶಿ ಹಿಂದೆ ಸರಿದರು.

"ಒಂದು ಹನೀನೂ ಇಲ್ರಿ" ಎಂದಳು ಅತ್ತಿಗೆ. "ಸುಣ್ಣ ಹಚ್ಚಿದ ಗಡಿಗ್ಯಾಗ ನಶಾ ಏಳಂಗಿಲ್ರಿ. ಬರೇ ಸಿಹಿ."

ಅವರು ಮೂಸಿ ನೋಡಿದರು. ಒಂದು ಗುಟುಕು ಕುಡಿದರು. ಆಮೇಲೆ ಮಗಿ ಕೆಳಗಿಳಿಯಲಿಲ್ಲ. ಕಟ್ಟೆಯ ಮೇಲಿದ್ದ ಮಂದಿಯೆಲ್ಲ ಈಗ ಅವರ ಮುಖ ನೋಡುತ್ತಿದ್ದರು.

"ದಿನಾ ಹಿಂಗೇ ಇರತದೇನು ಇದು?" ಎಂದು ಗಡ್ಡ ಒರೆಸಿಕೊಂಡರು.

"ಅದು ನಂಗ ತಿಳಿಯಂಗಿಲ್ರಿ" ಎಂದಳು ಆಯಿ. "ಅಕಿನ್ನ ಕೇಳ್ರಿ. ಆ ಗಡಿಗಿ ಅಕಿದು."

ಆವತ್ತು ಮಧ್ಯಾಹ್ನ ಅವ್ವ ಕೆರೆಯ ಮೀನಿನ ಸಾರು ಮಾಡಿದ್ದಳು. ಗುರಪ್ಪ ತಾನಾಗಿಯೇ ತಂದುಕೊಟ್ಟ ಮೀನು. ಅತ್ತಿಗೆ ರೊಟ್ಟಿ ಬಡಿದಳು. ಎಲ್ಲರೂ ಒಟ್ಟಿಗೆ ಕುಳಿತೆವು. ಆಯಿ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿದಳು.

"ಸುಗಲಮ್ಮಾ, ಉಪ್ಪು ಕಡಿಮಿ ಆಗ್ಯಾದ."

ಅವ್ವ ಉಪ್ಪಿನ ಗಡಿಗೆಯನ್ನು ಮೊದಲೇ ತನ್ನ ಮಗ್ಗುಲಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಆಯಿಯ ಮುಂದಕ್ಕೆ ಸರಿಸಿದಳು.

"ಆಗಿರತದ್ರಿ" ಎಂದಳು. "ಹಾಕ್ಕೋರಿ."